ಏಳನೇ ನಂಬರಿನ ಬಾಟಲಿ

ಬೆನ್ನೆಲುಬಿಲ್ಲದವರ ಬೀರು ಕಿಟಕಿಯ ಪಕ್ಕ.
ಎಲುಬಿರುವವರದ್ದು ಎದುರಿಗೆ: ಕಪ್ಪೆ, ಮೊಲ, ಸುರುಳಿ ಸುತ್ತಿದ ಒಂದು ಹಾವು.
ಎರಡರ ಬೀಗದಕೈಯೂ ನನ್ನ ಸೆರಗಿನ ಗಂಟಿನಲ್ಲಿ.
ಹಾಸನದ ಸಾಲಗಾಮೆ ರಸ್ತೆಯ ಈ ಕಾಲೇಜಿಗೆ
ನಾನು ಓದಲಿಕ್ಕೆ ಬಂದವಳಲ್ಲ.
ಗಂಡ ಸತ್ತ ಮೇಲೆ ಅವರದೇ ಸ್ಟೂಲಿಗೆ
ಅನುಕಂಪದ ಆಧಾರದ ಮೇಲೆ ಬಂದೆ.
ಏಳನೇ ಕ್ಲಾಸು ನನ್ನದು.
ಮಿಕ್ಕಿದ್ದನ್ನು ಧೂಳು ಒರೆಸುತ್ತ ಕಲಿತೆ.

ಸ್ಪಂಜು ಮೊದಲನೆಯದು. ಮೈಯೆಲ್ಲ ತೂತು.
ಬಾಯಿಲ್ಲ, ಹೊಟ್ಟೆಯಿಲ್ಲ, ಎದೆಯಿಲ್ಲ;
ನೀರು ಒಳಗೆ ಬರುತ್ತದೆ, ನೀರು ಹೊರಗೆ ಹೋಗುತ್ತದೆ,
ಅಷ್ಟೇ ಸಂಸಾರ.
ಲೋಳೆಮೀನಿಗೆ ಬಾಗಿಲೊಂದೇ,
ಉಂಡದ್ದೂ ಅಲ್ಲೇ, ಉಗುಳುವುದೂ ಅಲ್ಲೇ.
ಕುಟುಕುವುದನ್ನು ಮಾತ್ರ ಮರೆತಿದೆ, ಫಾರ್ಮಲಿನ್ ಕುಡಿದು.

ಲಾಡಿಹುಳು ಅಪ್ಪಟ ಮನೆಯಳಿಯ.
ತನ್ನದೆಂದು ಒಂದು ಕರುಳೂ ಇಲ್ಲ,
ಕಂಡವರ ಕರುಳಲ್ಲೇ ಕೊಂಡಿ ಹಾಕಿ ಕೂತ ಊಟ.
ಪೆನ್ಷನ್ ಮೊಹಲ್ಲಾದ ಜಬೀವುಲ್ಲಾ
ಕುರಿಯೊಂದನ್ನು ಸೀಳಿದಾಗ ಎತ್ತಿಟ್ಟು ಕೊಟ್ಟಿದ್ದು, ಒಂದೂವರೆ ಮೊಳ.

ಎರೆಹುಳವನ್ನು ನಾನೇ ಹಿಡಿದೆ,
ಹಾಸ್ಟೆಲಿನ ಬಚ್ಚಲ ಹಿಂದೆ, ಹಾರೆ ಹಿಡಿದು.
ಉಂಗುರಕ್ಕೆ ಉಂಗುರ ಪೋಣಿಸಿದ ಮೈ.
ಉಂಬಳವೂ ಇದರ ನೆಂಟನಂತೆ,
ಹೆತ್ತೂರಿನ ಹುಡುಗನೊಬ್ಬನ ಕಾಲಿಗೆ ಹತ್ತಿ
ಬಸ್ ಚಾರ್ಜು ಕೊಡದೆ ಬಂದಿತ್ತು.

ಏಡಿ, ಚೇಳು, ಜಿರಲೆ, ಜೇನು:
ಕಾಲೆಲ್ಲ ಗೆಣ್ಣು ಗೆಣ್ಣು.
ಗಟ್ಟಿಯಿರುವುದನ್ನೆಲ್ಲ ಹೊರಗೆ ತೊಟ್ಟುಕೊಂಡವು.
ಬೆಳೆಯಬೇಕೆಂದರೆ ಹಳೆ ಅಂಗಿ ಸೀಳಬೇಕು;
ಹೊಸದು ಬಲಿಯುವ ತನಕ
ಬಿಲದಲ್ಲಿ ಮುದುಡಿರಬೇಕು, ಯಾರ ಕಣ್ಣಿಗೂ ಬೀಳದೆ.
(ಮೊದಲ ವರ್ಷ ನಾನು ಸ್ಟೋರ್ ರೂಮಿನಲ್ಲೇ ಉಣ್ಣುತ್ತಿದ್ದೆ.)

ಬಸವನಹುಳುವಿನದು ಹೇಳುವುದೇನಿದೆ,
ಮೆತ್ತನೆ ಜೀವ, ಬೆನ್ನಿಗೊಂದು ಮನೆ.

ಏಳನೇ ನಂಬರು ನಕ್ಷತ್ರಮೀನು.
ಅವರು ಹುಡುಗರ ಜೊತೆ ಮಲ್ಪೆಗೆ ಟೂರು ಹೋದಾಗ
ಟಿಫಿನ್ ಡಬ್ಬಿಯಲ್ಲಿ ತಂದದ್ದು.
ಆಮೇಲೆ ಆ ಡಬ್ಬಿಯಲ್ಲಿ ಯಾರೂ ಉಣ್ಣಲಿಲ್ಲ.
ಲೇಬಲ್ಲಿನ ಅಕ್ಷರ ಅವರದೇ.
ಕಂಟಕಚರ್ಮಿ ಎಂದು ಬರೆಯಹೋಗಿ
ಗುಡಿಸು ಕೊಡಲು ಮರೆತಿದ್ದಾರೆ.
ತಿದ್ದಲು ಬಂದ ಮೇಡಂಗೆ
ಅಂಟು ಖಾಲಿಯಾಗಿದೆ ಎಂದಿದ್ದೆ.

ಹೋದ ಬೇಸಿಗೆ ತೊಳೆಯುವಾಗ ಕೈಜಾರಿ
ಅದರ ಒಂದು ತೋಳು ಮುರಿಯಿತು,
ನಲ್ಲಿ ನೀರಿನ ಜೊತೆ ಸಿಂಕಿನಲ್ಲಿ ಹೋಯಿತು.
ಯಾರಿಗೂ ಹೇಳಿಲ್ಲ.

ಇವತ್ತು ಪ್ರಾಕ್ಟಿಕಲ್ ಪರೀಕ್ಷೆ.
ಲೇಬಲ್ಲುಗಳಿಗೆ ನ್ಯೂಸ್ ಪೇಪರ್ ಕಟ್ಟಿ
ಮೂರು ನಿಮಿಷಕ್ಕೊಮ್ಮೆ ಗಂಟೆ ಹೊಡೆಯುವುದು ನನ್ನ ಕೆಲಸ.
ಗಂಟೆ ಹೊಡೆದೆ. ಏಳನೇ ನಂಬರಿನ ಮುಂದೆ ಪುನೀತಾ ನಿಂತಳು,
ಅರಕಲಗೂಡು ಕಡೆಯವಳು, ನನ್ನ ಹಾಗೆಯೇ ಸಮುದ್ರ ಕಾಣದವಳು.
ನಾಲ್ಕು ತೋಳು ಎಣಿಸಿದಳು. ಮತ್ತೆ ಎಣಿಸಿದಳು.
ಪೆನ್ನಿನ ತುದಿ ಕಚ್ಚಿದಳು.
ಮೋಸ ಅವಳದಲ್ಲ, ನನ್ನದು.

ಹೊರಗಿನಿಂದ ಬಂದ ಪರೀಕ್ಷಕರು ಚಹಾಕ್ಕೆ ಬಗ್ಗಿದಾಗ
ಗೋಡೆಗೆ ಒರಗಿದವಳು
ಐದೂ ಬೆರಳು ಅಗಲಿಸಿ ಹಿಡಿದೆ.
ಆಮೇಲೆ ಹೆಬ್ಬೆರಳನ್ನು ಮಡಚಿದೆ.
ನಿಧಾನಕ್ಕೆ, ಮತ್ತೆ ಬಿಡಿಸಿದೆ.
ಅವಳು ನೋಡಿದಳು. ನೋಡಲಿಲ್ಲವೋ ಏನೋ.
ಗಂಟೆ ಹೊಡೆಯಲೇಬೇಕಿತ್ತು, ಹೊಡೆದೆ.

ಸಂಜೆ ಉತ್ತರ ಪತ್ರಿಕೆಗೆ ದಾರ ಕಟ್ಟುವಾಗ ಕಂಡೆ.
ಅವಳ ಅಕ್ಷರ ದಪ್ಪ, ದುಂಡು:
"ನಕ್ಷತ್ರಮೀನು. ಮೈಮೇಲೆ ಮುಳ್ಳು. ತೋಳು ಐದು.
ಒಂದು ಹೋಗಿದೆ. ಜೀವ ಇದ್ದಿದ್ದರೆ ಮತ್ತೆ ಬರುತ್ತಿತ್ತು."
ಕೊನೆಯ ಸಾಲಿನ ಕೆಳಗೆ
ಪರೀಕ್ಷಕರ ಕೆಂಪು ಗೆರೆ. ಮೆಚ್ಚಿ ಎಳೆದದ್ದೋ
ಬೇಡವೆಂದು ಎಳೆದದ್ದೋ ತಿಳಿಯಲಿಲ್ಲ.

ಪೇಪರ್ ಬಿಚ್ಚಿ, ಫಾರ್ಮಲಿನ್ ಒಂದು ಬೆರಳು ಏರಿಸಿ
ಏಳನ್ನು ಅದರ ಜಾಗಕ್ಕೆ ಇಟ್ಟೆ,
ಮುರಿದ ಕಡೆಯನ್ನು ಈ ಸಲ
ಕಿಟಕಿಯ ಬೆಳಕಿಗೆ ತಿರುಗಿಸಿ.