ಲಾಡ್ಲೇಸಾಬನ ಟ್ರಂಕು

ಪಾಲಿಟೆಕ್ನಿಕ್ಕಿನಾಗ ಎರಡು ಸಲ ಫೇಲಾದ ಪೇಪರು
ನನಗ ತಿಳದದ್ದು ಕಲಬುರಗಿಯ ಶಹಾಬಜಾರದಾಗ,
ಟೇಲರ್ ಲಾಡ್ಲೇಸಾಬನ ಅಂಗಡಿ ಕಟ್ಟಿ ಮ್ಯಾಲ.

ಅವನ ಮೇಜು ಒಂದಽ, ಅದೂ ಗಿಡ್ಡ.
ಹಿಂದ ಅವರಜ್ಜನ ಕಾಲದ ಟ್ರಂಕು, ಬಾವಿಯಂಥಾದ್ದು.
ಮೇಜಿನ ಮ್ಯಾಲಿದ್ದದ್ದು ಹೊಲಿತಾನ,
ಉಳದದ್ದು ಟ್ರಂಕಿನಾಗ ನಿದ್ದಿ ಹೊಡೀತದ.

ಬಂದೋರಿಗೆಲ್ಲ ಒಂದಽ ಮಾತು:
‘ನಿಮ್ದು ಬಿಟ್ಟು ಬ್ಯಾರೆ ಕೆಲಸಽ ಹಿಡದಿಲ್ರಿ.’
ನಲವತ್ತು ಮಂದಿ ನಂಬ್ಯಾರ.
ಆಪರೇಟಿಂಗ್ ಸಿಸ್ಟಮ್ಮೂ ಇದಽ ಸುಳ್ಳು ಹೇಳತದಂತ
ನಮ್ಮ ಪುಸ್ತಕದಾಗ ನಾಕು ಪುಟ ಬರದಾರ.

ಮದಿವಿ ಹಂಗಾಮು, ಮ್ಯಾಲ ರಂಜಾನು.
ಗೌಡರ ಅಂಗಿ ತಗಿ, ನೀಲಗಂಗಮ್ಮನ ಜಂಪರ್ ಇಡು,
ಜಂಪರ್ ತಗಿ, ಅಂಗಿ ಇಡು,
ಸಂಜಿಮಟ ಟ್ರಂಕಿನ ಮುಚ್ಚಳ ಬಡದದ್ದಽ ಬಂತು,
ಸೂಜಿಗೆ ದಾರ ಏರಲಿಲ್ಲ.
‘ಇದಕ್ಕ ಥ್ರ್ಯಾಶಿಂಗ್ ಅಂತಾರ ಚಾಚಾ!’
‘ನಾವು ಹಬ್ಬ ಅಂತೀವಿ.’

ಚೀಟಿ ಕಳಕೊಂಡೋರ ಬಟ್ಟಿ ಅದಾವ, ಕೇಳೋರಿಲ್ಲ.
ಇಲಿ ತಿಂದ ಪೈಜಾಮದ ಚೀಟಿ ಹಿಡಕೊಂಡು
ಅಫಜಲಪುರದ ಮಾಸ್ತರು ಮಾತ್ರ
ವಾರ ತಪ್ಪಿಸೂದಿಲ್ಲ.

ತಳದಾಗ ಒಂದು ಹಸಿರು ಪರಕಾರ,
ಆರು ವರ್ಷದ ಹುಡಿಗೀದು.
ಹೊಲದಿಟ್ಟು ಹದಿನಾಕು ವರ್ಷಾತು.
‘ಯಾರೂ ನೆನಸದ್ದನ್ನ ಸಿಸ್ಟಮ್ ಗುಡಿಸಿ ಒಗೀತದ, ಚಾಚಾ.’
ಬಾಯಾಗಿನ ಗುಂಡಿ ತಗೀಲಾರದಽ ಅಂದ:
‘ನಾ ನೆನಸ್ತೀನಲ್ಲ.’
ಸಿಲೆಬಸ್ಸಿನಾಗ ಇದು ಎಲ್ಲೂ ಇಲ್ಲ.

ಎದ್ದು ಹೊಂಟಾಗ ನನ್ನ ಅಂಗಿ ನೆನಪಾತು.
‘ನಿಂದು ಬಿಟ್ಟು ಬ್ಯಾರೆ ಕೆಲಸಽ ಹಿಡದಿಲ್ಲೋ’ ಅಂದ,
ಮೊಣಕೈಮಟ
ಟ್ರಂಕಿನಾಗ ಹುಡುಕ್ಕೋತ.