ಹನ್ನೊಂದನೆಯ ಕಾಲಂ

ಅರ್ಜಿ ತುಂಬಿಕೊಡುವ ಕೆಲಸ ನನ್ನದು,
ಕಾರವಾರದ ನಗರಸಭೆಯಲ್ಲಿ, ಗುತ್ತಿಗೆಯ ಮೇಲೆ, ಕಿಟಕಿಯ ಪಕ್ಕ.
ಹೆಸರು: ಹುಲಿಗೆವ್ವ.
ಗಂಡನ ಹೆಸರು: ಅದೊಂದು ಬಿಡ್ರಿ.
ವಯಸ್ಸು: "ಮೊನ್ನೆ ಹೊಳ್ಯಾಗ ಬಿತ್ತಲ್ರಿ ಹಳೇ ಸೇತುವಿ,
ಅದನ್ನ ಕಟ್ಟೂ ಮುಂದ ಅವ್ವ ಕುಷ್ಟಗಿಯಿಂದ ಕಲ್ಲು ಹೊರಾಕ ಬಂದಿದ್ಳು.
ನಾ ಹೊಟ್ಟ್ಯಾಗಿದ್ದೆ. ಲೆಕ್ಕಾ ನೀವ ಹಾಕ್ಕೊಳ್ರಿ."
ನಲವತ್ತೆರಡು ಎಂದು ಬರೆದೆ.

ಹನ್ನೊಂದನೆಯ ಕಾಲಂ, ಉದ್ಯೋಗ.
ಕೈ ತನ್ನ ಪಾಡಿಗೆ ಬರೆಯಿತು: ಇಲ್ಲ.

ಓದು ಬಾರದವಳು. ಆದರೂ ಆ ಗಿಡ್ಡ ಪದದ ಮೇಲೆ
ಬೆರಳಿಟ್ಟು ಒತ್ತಿ ಹಿಡಿದಳು,
ಬುಟ್ಟಿಯಿಂದ ನೆಗೆದ ಸೀಗಡಿಯನ್ನು ಹಿಡಿದಂತೆ.
"ಇಷ್ಟ ಸಣ್ಣದೇನ್ರೀ ನನ್ನ ಕೆಲಸ?"

ಆಮೇಲೆ ಹೇಳುತ್ತಲೇ ಹೋದಳು. ಹಿಂದೆ ಸಾಲು ಗೊಣಗುತ್ತಿತ್ತು.
ನಾಲ್ಕೂವರೆಗೆ ಕೋಡಿಬಾಗದಲ್ಲಿ ಹೆಗಲಿಗೇರಿದ ಚೀಲ
ಬೈತಖೋಲ ತಲುಪುವಾಗ ಅವಳಿಗಿಂತ ಎತ್ತರ.
ಬೀದಿದೀಪ ಕೆಟ್ಟಲ್ಲಿ ಕಿವಿಯದೇ ಕೆಲಸ:
ಹಿಸುಕಿದರೆ ಚರಚರ ಎಂದದ್ದು ಒಂದು ಚೀಲಕ್ಕೆ,
ಮೆತ್ತಗೆ ಉಸಿರು ಬಿಟ್ಟ ಹಾಲಿನ ಕವರು ಇನ್ನೊಂದಕ್ಕೆ,
ಉಗುರಲ್ಲಿ ಗೀರಿದರೆ ಬಿಳಿ ಗೆರೆ ಬೀಳುವ ಬಕೆಟ್ಟಿಗೆ ಬೇರೆ ದರ.
ಕಡಲು ವಾಪಸು ಕೊಟ್ಟ ಬಲೆಯ ತುಂಡಿಗೆ
ಉಪ್ಪಿನ ನೆಪ ಹೇಳಿ ಅರ್ಧ.
ಆಷಾಢದಲ್ಲಿ ಗುಜರಿಯ ಸಾವಕಾರ
ಕಿಲೋಗೆ ಇನ್ನೂರು ಗ್ರಾಂ ನೀರಿನ ಲೆಕ್ಕ ಕಳೆಯುತ್ತಾನೆ.
"ನಾನೂ ತೊಯ್ದಿರ್ತೀನ್ರಿ. ನನ್ನ ನೀರಿಗೆ ಯಾವ ತಕ್ಕಡಿ?"
ಬಂದರಿನ ಗೇಟಿನವನು ಚೀಲ ಸುರುವಿಸುತ್ತಾನೆ, ಕದ್ದದ್ದೆಂದು.
ಮೈಕಿನಲ್ಲಿ ಹಾಡುತ್ತ ಬರುವ ಗಾಡಿಯವರು
ಒಳ್ಳೆಯದನ್ನೆಲ್ಲ ಆರಿಸಿಕೊಂಡು
ಅವಳಿಗೆ ಬಿಡುವುದು ನಾಯಿ ಮುಟ್ಟಿದ್ದನ್ನು.
ಹೋದ ವರ್ಷ ಸೂಜಿ ಚುಚ್ಚಿ ಅಂಗೈ ಬಾತು,
ಸಿವಿಲ್ ಆಸ್ಪತ್ರೆಯಲ್ಲೂ ಇದೇ ಕಾಲಂ,
ಇದೇ ಇಲ್ಲ.

ನಾನು ಪೆನ್ನಿನ ಕ್ಯಾಪು ಹಾಕಿ ತೆಗೆದು ಮಾಡುತ್ತಿದ್ದೆ.
ಅವಳು ನನ್ನ ಮುಖವನ್ನೇ ನೋಡಿ ಕೇಳಿದಳು,
"ನಿಮ್ಮನಿ ಹಬ್ಬುವಾಡದಾಗಲ್ರಿ? ನೀಲಿ ಗೇಟು?
ಸಕ್ಕರಿ ಬ್ಯಾನಿ ಯಾರಿಗೈತ್ರೀ ಮನ್ಯಾಗ?"
ಅಪ್ಪನಿಗೆ, ಎಂದೆ.
"ಹಿರೇರು ತಂಪಾಗಿರಲಿ. ಸೂಜಿಗೆ ಟೊಪಿಗಿ ಹಾಕಿ ಒಗೀರಿ."

ಇಷ್ಟೇ. ಸಿಟ್ಟಿರಲಿಲ್ಲ ದನಿಯಲ್ಲಿ.
ಇದ್ದಿದ್ದರೆ ಕಿಟಕಿ ಮುಚ್ಚಬಹುದಿತ್ತು ನಾನು.

ಇಲ್ಲ ಎಂಬುದನ್ನು ಹೊಡೆದುಹಾಕಿ ಕಂಪ್ಯೂಟರಿನ ಪಟ್ಟಿ ತೆರೆದೆ.
ಮೀನುಗಾರಿಕೆ ಇದೆ, ಹೊಲಿಗೆ ಇದೆ, ಗೃಹಿಣಿ ಇದೆ, ಇತರೆ ಇದೆ.
ಏನೆಂದು ಬರೆಯಲಿ?
ಹಿಂದೆ ನಿಂತಿದ್ದ ರೆಹಮತಬಿ ಇತರೆ ಬರೀರಿ, ಚಾ ಹೊತ್ತಾಯ್ತು, ಎಂದಳು.
"ಯಾಕ್ ಇತರೆ? ಆಯೂದು ಅಂತ ಬರೀರಿ.
ಅಕ್ಕಿ ಆಯ್ದಂಗ. ಕಲ್ಲು ಒಂದ್ಕಡಿ, ಕಾಳು ಒಂದ್ಕಡಿ.
ಊರು ಉಣ್ಣಬೇಕಂದ್ರ ಯಾರರ ಆಯಬೇಕಲ್ರಿ.
ಕಸದಾಕಿ ಅಂತ ಬರೀಬ್ಯಾಡ್ರಿ ಮತ್ತ, ಕಸ ನಿಮ್ದು."
ಕಾರ್ಡು ಬಂದರೆ ಒಣಕಸದ ಶೆಡ್ಡಿನೊಳಗೆ ಬಿಡಬೇಕು,
ತಕ್ಕಡಿ ತಮ್ಮ ಕಣ್ಣೆದುರಿಗಿರಬೇಕು,
ಜ್ವರ ಬಂದರೆ ಆಸ್ಪತ್ರೆಯ ದುಡ್ಡು, ಕೈಗೆ ಗವಸು,
ಅದೂ ಗಂಡಸರ ಅಳತೆಯದಲ್ಲ.
ಅರ್ಜಿಯಲ್ಲಿ ಇದಕ್ಕೆಲ್ಲ ಜಾಗವಿರಲಿಲ್ಲ. ಹಾಳೆ ತಿರುಗಿಸಿ ಬರೆದೆ.

ಉದ್ಯೋಗ: ಆಯುವುದು.
ಮೇಲಿನವರು ತಿದ್ದಬಹುದು. ಕಡತ ಇನ್ನೂ ಮೇಲೆಯೇ ಇದೆ.
ಹೆಬ್ಬೆಟ್ಟು ಒತ್ತಿದಳು. ಗೆರೆ ಸವೆದು ನುಣುಪಾಗಿ
ಕಾಗದದಲ್ಲಿ ಬರಿಯ ನೀಲಿ.

ಅಂದು ರಾತ್ರಿ ಅಪ್ಪನ ಮಂಚದಡಿಗೆ ಬಗ್ಗಿ ಟಾರ್ಚು ಬಿಟ್ಟೆ.
ಧೂಳಿನಲ್ಲಿ ಕಿತ್ತಳೆ ಬಣ್ಣದ ಪುಟ್ಟ ಟೊಪ್ಪಿಗೆಗಳು.
ಒಂದೊಂದಾಗಿ ಆಯತೊಡಗಿದೆ.