ಘಾಟು

ಸುಗ್ಗ್ಯಾಗ ಬ್ಯಾಡಗಿಯೊಳಗ ಕೆಮ್ಮದವರು ಯಾರದಾರ?
ತೊಟ್ಟು ಮುರಿಯೋ ಹೆಂಗಸರು, ಹಮಾಲರು,
ದಲಾಲಿ ಅಂಗಡಿ ಗುಮಾಸ್ತ,
ಬಾಗಲಾಗ ಮಲಗಿದ ನಾಯಿ ಸೈತ.
ಫಕ್ಕೀರವ್ವನ ಕೆಮ್ಮೂ ಆ ಗದ್ದಲದಾಗ ಒಂದು.
"ಕಾಯಿ ಘಾಟು ತಗೊಳ್ರಿ" ಅಂತಾಳ.
ಕಿಲೋ ಲೆಕ್ಕದ ಕೂಲಿ, ಕೈ ನಿಲ್ಲೂದಿಲ್ಲ.

ನಾ ಆಶಾ. ಕಫದ ಡಬ್ಬಿ ಕೊಟ್ಟೆ,
ಮುಂಜಾನೆದ್ದ ಕೂಡ್ಲೆ, ಬಾಯಿ ಮುಕ್ಕಳಿಸಿ, ಅಂತ ಹೇಳಿದೆ.
ಅದರಾಗ ಅರಿಷಿಣ ತುಂಬಿಟ್ಲು.
ಮಗಳ ಮಾತುಕತಿ ನಡದೈತಿ,
ಆ ಹೆಸರು ಓಣ್ಯಾಗ ಎತ್ತಬ್ಯಾಡ್ರಿ ಅಂದ್ಲು.

ಮಳಿ ಬಿತ್ತು. ಮಾರುಕಟ್ಟಿ ಖಾಲಿ.
ಹಮಾಲರ ಗಂಟಲು ಸುಮ್ಮನಾತು, ಗುಮಾಸ್ತನದೂ.
ಓಣ್ಯಾಗ ಈಗ ಒಂದ ಕೆಮ್ಮು,
ಗ್ವಾಡಿ ದಾಟಿ ಕೇಳತೈತಿ.

ನಿನ್ನೆ ತಾನಾಗೇ ಬಂದು
ಇನ್ನೊಂದು ಡಬ್ಬಿ ಕೇಳಿದ್ಲು.
ಸೆರಗಿನ ತುದಿ ಕೆಂಪಗಿತ್ತು.
ಕಾಯಿ ಮುಗಿದು ತಿಂಗಳಾತು.